ಹದಿನಾರು ತೂತಿನ ಬಿಲ್ಲೆ

"ಐದು ಗಂಟೆಗೆ ಕಾಗದ ಮೇಲಕ್ಕೆ ಹೋಗುತ್ತಂತೆ, ದೊಡ್ಡಮ್ಮ. ಹೋದ್ರೆ ಮುಗೀತು. ಈಗ ಕಾಲ ಹೇಗಿದೆ ಅಂತ ನಿಮಗೆ ಗೊತ್ತಿಲ್ವಾ? ವಿಚಾರಣೆ ಗಿಚಾರಣೆ ಏನಿಲ್ಲ, ಗುಂಡೇಟೇ!"

ಸುಫೆನ್ ನನ್ನ ತೋಳು ಬಿಡಲೇ ಇಲ್ಲ. ನಾನು ತೋಳಿಗೆ ಕಟ್ಟಿದ್ದ ಓಣಿ ಸಮಿತಿಯ ಕೆಂಪು ಪಟ್ಟಿ ಕಿತ್ತು ಅವಳ ಕೈಗೇ ಬರುವ ಹಾಗೆ ಹಿಡಿದುಕೊಂಡಿದ್ದಳು. ಅಂಗಳದ ನಲ್ಲಿಯ ಸುತ್ತ ನೀರು ಹೆಪ್ಪುಗಟ್ಟಿತ್ತು. ಆ ಮಂಜುಗಡ್ಡೆಯ ಮೇಲೆ ಅವಳು ಮಂಡಿಯೂರುವುದೊಂದು ಬಾಕಿ.

ಅವಳ ಗಂಡ ಪಾಂಗ್ ಠಾಣೆಯಲ್ಲಿ ಕೂತು ಇಂದಿಗೆ ಏಳು ದಿನ. ಕೂರಿಸಿದ್ದು ನನ್ನ ಬಾಯಿ.

ನಾನೇನು ಸುಳ್ಳು ಹೇಳಿದವಳಲ್ಲ. ಸೂಜಿಕಣ್ಣಿನ ಓಣಿಯ ಹನ್ನೊಂದನೇ ನಂಬರಿನ ವಠಾರಕ್ಕೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷವಾಯಿತು. ಯಾರ ಮನೆಯ ಬಾಣಲೆಯಲ್ಲಿ ಏನು ಸೀಯುತ್ತಿದೆ ಎಂದು ಮೂಗಿನಿಂದಲೇ ಹೇಳಬಲ್ಲೆ. ಹೋದ ಮಂಗಳವಾರ ಸಂಜೆ ನಾಲ್ಕಕ್ಕೆ ಇದೇ ನಲ್ಲಿಯ ಹತ್ತಿರ ಕೋಸು ತೊಳೆಯುತ್ತಿದ್ದೆ. ಒಳ ಅಂಗಳದ ಗುವಾನ್ ಅಜ್ಜನ ಪಾರಿವಾಳಗಳು ತಲೆಯ ಮೇಲೆ ಸುತ್ತು ಹಾಕಿದವು. ಬಾಲಕ್ಕೆ ಕಟ್ಟಿದ ಸೋರೆಬುರುಡೆಯ ಸೀಟಿಗಳು ಎಂದಿನಂತೆ ಗುಂಯ್‌ಗುಟ್ಟಿದವು. ನನ್ನ ಜೊತೆಗಿದ್ದ ಇನ್ನಿಬ್ಬರೂ ಕೇಳಿದರು. ಪೊಲೀಸರು ಕೇಳಿದಾಗ ಅದನ್ನೇ ಹೇಳಿದೆ.

ಆ ಸೀಟಿಗಳನ್ನು ಸಿಕ್ಕಿಸಿ ಹಕ್ಕಿ ಹಾರಿಸುವವನು ಅಜ್ಜ ಒಬ್ಬನೇ. ಅಂದರೆ ನಾಲ್ಕಕ್ಕೆ ಅವನು ಬದುಕಿದ್ದ. ಆರಕ್ಕೆ ಬಾಗಿಲು ನೂಕಿ ನೋಡಿದರೆ ಹಾಸಿಗೆಯಲ್ಲಿ ಹೆಣ. ಕಿಟಕಿಯ ಗಾಳಿಗಂಡಿಗೆ ಯಾರೋ ಹೊರಗಿನಿಂದ ಚಿಂದಿ ತುರುಕಿದ್ದರು, ಒಲೆಯ ವಿಷಗಾಳಿ ಒಳಗೇ ತುಂಬಿಕೊಂಡಿತ್ತು. ನಾಲ್ಕರಿಂದ ಆರರವರೆಗೆ ಒಳ ಅಂಗಳದಲ್ಲಿದ್ದವನು ಪಾಂಗ್ ಒಬ್ಬನೇ. ಅದರ ಹಿಂದಿನ ದಿನವಷ್ಟೇ, ಹೊಸ ರಜಾಯಿಯ ಮೇಲೆ ಪಾರಿವಾಳ ಹಿಕ್ಕೆ ಹಾಕಿತೆಂದು, "ಮುದುಕಾ, ಒಂದಿನ ನಿನ್ನ ಉಸಿರು ನಿಲ್ಲಿಸ್ತೀನಿ ನೋಡ್ತಿರು" ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದ್ದ. ಇನ್ನೇನು ಬೇಕು?

"ಅವರದ್ದು ಬರೀ ಬಾಯಿ, ದೊಡ್ಡಮ್ಮ. ಕೋಳಿ ಕುಯ್ಯೋಕೂ ನನ್ನೇ ಕರೀತಾರೆ," ಎಂದು ಸುಫೆನ್ ಬಿಕ್ಕಿದಳು. "ಬೆಳಿಗ್ಗೆ ಏಳರಿಂದ ಮೂರೂವರೆವರೆಗೆ ಕಾರ್ಖಾನೆ. ಬಂದವರೇ ಮಲಗಿಬಿಟ್ರು."

"ನಾನೇನ್ ಮಾಡ್ಲಿ ಹೇಳು? ಕಿವಿಗೆ ಬಿದ್ದಿದ್ದನ್ನ ಬಿದ್ದಿಲ್ಲ ಅನ್ಲಾ?"

ಜೋರು ಮಾಡಿ ಒಳಗೆ ಬಂದೆ. ನನ್ನ ಹೇಳಿಕೆಯನ್ನು ಶುದ್ಧಪ್ರತಿ ಮಾಡಿಕೊಂಡು ಠಾಣೆಯ ಲುವಾನ್ ನಾಲ್ಕೂವರೆಗೆ ಬರುವವನಿದ್ದ. ನಾನು ಸಹಿ ಹಾಕಿದರೆ ಐದಕ್ಕೆ ಅದು ಮೇಲಕ್ಕೆ ಹೋಗುತ್ತದೆ. ಒಬ್ಬ ಗಂಡಸಿನ ಜೀವ ನನ್ನ ಪೆನ್ನಿನ ತುದಿಯಲ್ಲಿ ಬಂದು ಕೂತಿತ್ತು.

ಬರುವವನಿಗೆ ಚಹಾ ಕಾಯಿಸೋಣವೆಂದರೆ ಒಲೆ ಕೆದಕಲು ಇಕ್ಕಳವಿಲ್ಲ! ಒಂದು ವಾರದಿಂದ ಕಾಣೆ. ಹಿಡಿ ಸುಡದಿರಲಿ ಎಂದು ನನ್ನ ಹಳೆಯ ತೋಳುಪಟ್ಟಿಯನ್ನೇ ಸುತ್ತಿ ಹೊಲಿದಿದ್ದೆ. ಎರಡು ಕಬ್ಬಿಣದ ಕಡ್ಡಿಗಳಲ್ಲಿ ಎಷ್ಟು ದಿನ ಅಂತ ಏಗುವುದು? ಇರುವ ಸಂಕಟವೆಲ್ಲ ಸಿಟ್ಟಾಗಿ ತಿರುಗಿತು. ಸೀದಾ ಒಳ ಅಂಗಳಕ್ಕೆ, ಗುವಾನ್ ಅಜ್ಜನ ಎದುರು ಮನೆಯ ದಿಂಗ್ ಮುದುಕಿಯ ಬಾಗಿಲಿಗೆ ಹೋದೆ. ವಠಾರದಲ್ಲಿ ಏನು ಕಾಣೆಯಾದರೂ ನನಗೆ ಅವಳ ಮೇಲೇ ಗುಮಾನಿ.

"ಲೇ ದಿಂಗ್, ನನ್ನ ಇಕ್ಕಳ ಕೊಡು."

"ಯಾವ ಇಕ್ಕಳ? ನನ್ನ ಮನೇಲಿ ನಿನ್ನ ಇಕ್ಕಳಕ್ಕೇನು ಕೆಲಸ?" ಅವಳು ಸೂರಂಚಿನಲ್ಲಿ ಕೋಸಿನ ರಾಶಿ ತಿರುವಿ ಹಾಕುತ್ತಿದ್ದವಳು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಬೆಂಕಿ ಬದಲಾಯಿಸೋಕೆ ಬಂದಾಗ ಎತ್ಕೊಂಡು ಹೋಗಿರ್ತೀಯ."

"ನಿನ್ನ ಮನೆಗಾ? ನಿನ್ನ ಮನೆ ಬೆಂಕಿ ತಂದು ನಾಲ್ಕು ವರ್ಷ ಆಯ್ತು ಕಣೇ! ನನ್ನ ಒಲೆ ಆರಿದ್ರೆ ಎದುರುಗಡೆ ಗುವಾನ್ ಮುದುಕನ ಮನೆಗೇ ಹೋಗ್ತಿದ್ದೆ. ಪಾಪ, ಸಾಯೋ ದಿನಾನೂ ಅವನ ಬೆಂಕೀನೇ ತಂದಿದ್ದು."

ಜಗಳ ಅಲ್ಲಿಗೇ ಬಿಟ್ಟು ಅವಳ ತೋಳು ಹಿಡಿದೆ.

"ಸಾಯೋ ದಿನ ಅಂದ್ರೆ? ಮಂಗಳವಾರ?"

"ಹೂಂ. ಮಧ್ಯಾಹ್ನ ಹನ್ನೆರಡಕ್ಕೆ. ಆಮೇಲೆ ನಾನು ಮಗಳ ಮನೆಗೆ ಹೋದ್ನಲ್ಲ."

"ದಿಂಗ್, ಅವತ್ತು ನಾನೂ ಲುವಾನೂ ಬಂದು, ಅಜ್ಜನ ಕೋಣೆಯೊಳಗೆ ಯಾರಾದ್ರೂ ಹೋಗಿದ್ರಾ ಅಂತ ಕೇಳಿದ್ವಿ. ಇಲ್ಲ ಅಂದ್ಯಲ್ಲೇ!"

"ಹೋಗಿಲ್ವಲ್ಲ! ಬೆಂಕಿ ಬದಲಾಯಿಸಿದೆ ಅಷ್ಟೆ."

ಅವಳು ಕಳ್ಳಾಟ ಆಡುತ್ತಿರಲಿಲ್ಲ. ನಿಜಕ್ಕೂ ಅವಳಿಗೆ ಹಾಗೇ ಅನ್ನಿಸಿತ್ತು. ಚಳಿಗಾಲದಲ್ಲಿ ಒಲೆ ಆರಿತು ಅನ್ನಿ, ಉರಿ ಏಳಲು ತೂತು ಕೊರೆದ ಹೊಸ ಕಲ್ಲಿದ್ದಲ ಬಿಲ್ಲೆಯೊಂದನ್ನು ಇಕ್ಕಳದಲ್ಲಿ ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಅವರ ಒಲೆಯಲ್ಲಿ ಕೆಂಪಗಾದದ್ದನ್ನು ತೆಗೆದುಕೊಂಡು ನಮ್ಮದನ್ನು ಅಲ್ಲಿಟ್ಟು ಬರುತ್ತೇವೆ. ಬಾಗಿಲು ತಟ್ಟುವುದಿಲ್ಲ, ಕೂರುವುದಿಲ್ಲ. ಅದನ್ನು ಯಾರೂ ಹೋಗಿದ್ದು ಬಂದಿದ್ದು ಅನ್ನುವುದಿಲ್ಲ. ಕೆಮ್ಮಿದ್ದು ಸೀನಿದ್ದನ್ನೆಲ್ಲ ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

"ಅಜ್ಜ ಏನ್ ಮಾಡ್ತಿದ್ದ?" ಎಂದು ಕೇಳಿದೆ.

"ಮಲಗಿದ್ದ. ಗೋಡೆ ಕಡೆ ಮುಖ, ತಲೆವರೆಗೂ ರಜಾಯಿ."

"ಬೈದನಾ?"

ದಿಂಗ್ ಕೋಸೊಂದನ್ನು ಎದೆಗವಚಿಕೊಂಡು ಯೋಚಿಸಿದಳು. "ಇಲ್ಲ... ಇಲ್ಲ ಕಣೇ. ಬೈಲಿಲ್ಲ."

ಬೆಂಕಿ ತೆಗೆಯಲು ಹೋದವರಿಗೆ, 'ಚೆನ್ನಾಗಿರೋದನ್ನೇ ಎತ್ಕೊಂಡು ಹೋಗ್ತೀರ ದರಿದ್ರದವರಾ' ಎಂದು ಬೈಯದೆ ಬಿಟ್ಟ ದಿನ ಗುವಾನ್ ಅಜ್ಜನ ಎಪ್ಪತ್ತನಾಲ್ಕು ವರ್ಷದಲ್ಲಿ ಒಂದೂ ಇರಲಿಲ್ಲ. ಬೆಕ್ಕು ಹೆಜ್ಜೆಯಿಟ್ಟರೂ ಏಳುವ ಮನುಷ್ಯ.

"ಹಕ್ಕಿಗಳೂ ಬಾಯಿ ಬಡ್ಕೋತಿದ್ವು," ಎಂದಳು ದಿಂಗ್, ಈಗ ಮೆಲ್ಲಗೆ. "ಹತ್ತಕ್ಕೆ ಕಾಳು ಹಾಕೋನು, ಅವತ್ತು ಹಾಕಿರ್ಲಿಲ್ಲ. ಮುದುಕನಿಗೆ ಇವತ್ತು ನಿದ್ದೆ ಜಾಸ್ತಿ ಅಂದ್ಕೊಂಡೆ. ಅಯ್ಯಯ್ಯೋ... ಹೆಣದ ಮುಂದೆ ನಿಂತು ಬೆಂಕಿ ತಂದ್ನೇನೇ ನಾನು?"

"ಏನು ಬೆಂಕಿ? ಎಲ್ಲರದ್ದೂ ಊಟ ಆಯ್ತಾ?"

ಲುವಾನ್ ಬಂದಿದ್ದ. ಚರ್ಮದ ಚೀಲ ಬಗಲಲ್ಲಿ, ಕಿವಿ ಮುಚ್ಚುವ ಟೋಪಿ. ಹಿಂದೆಯೇ ಸುಫೆನ್, ಅವನ ನೆರಳಿನಂತೆ.

ದಿಂಗ್ ಅಳುತ್ತ ಒದರುತ್ತ ಎಲ್ಲವನ್ನೂ ಮತ್ತೆ ಹೇಳಿದಳು. ಲುವಾನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಮೂವತ್ತೈದರ ಪ್ರಾಯ, ಕೆಟ್ಟವನಲ್ಲ. ಎದುರಿಗಿದ್ದವರು ನೇರವಾಗಿ ಮಾತಾಡಿದರೆ ಅವನಿಗೆ ಖುಷಿ, ಆದರೆ ನಮ್ಮ ಓಣಿಯಲ್ಲಿ ಆ ಭಾಗ್ಯ ಯಾರಿಗಿದೆ?

"ಅಂದ್ರೆ ಆರು ಗಂಟೇಲೂ ಒಲೆ ಉರೀತಿದ್ದಿದ್ದು ನಿಮ್ಮ ಬಿಲ್ಲೆಯಿಂದ," ಎಂದ. "ಒಲೆ ಉರೀತಿದೆ, ಬಿಲ್ಲೆ ಹಾಕಿದವನು ಅಜ್ಜನೇ, ಹಾಗಾಗಿ ಮಧ್ಯಾಹ್ನದವರೆಗೂ ಬದುಕಿದ್ದ ಅಂತ ನಾವು ಬರೆದಿದ್ದೀವಿ. ಕೋಣೆ ಬೆಚ್ಚಗಿತ್ತು, ಹೊತ್ತು ಹೇಳೋಕಾಗಲ್ಲ ಅಂದಿದ್ರು ಡಾಕ್ಟ್ರು."

"ಮಧ್ಯಾಹ್ನ ನಮ್ಮವರು ಕಾರ್ಖಾನೇಲಿದ್ರು!" ಸುಫೆನ್ ಕಿರುಚಿದಳು. "ಹಾಜರಿ ಇದೆ! ಹೋಗಿ ನೋಡಿ!"

"ತಡೀರಮ್ಮ. ಅಜ್ಜ ಬೆಳಿಗ್ಗೆನೇ ಹೋಗಿದ್ರೆ, ನಾಲ್ಕಕ್ಕೆ ಹಕ್ಕಿ ಹಾರಿಸಿದ್ದು ಯಾರು? ದೊಡ್ಡಮ್ಮ, ನೀವು ಕೇಳಿದ್ದು ನಿಜ ತಾನೆ?"

"ನಿಜ," ಎಂದೆ. ಅಂದ ಮೇಲೆ, ನಿಜವಾ ಎಂದು ನನಗೇ ಅನುಮಾನ ಬಂತು. ಮಂಗಳವಾರದ್ದೋ, ಸೋಮವಾರದ್ದೋ? ದಿನವೂ ನಾಲ್ಕಕ್ಕೆ ಕೇಳುವ ಸದ್ದು ಕಿವಿಯಲ್ಲಿ ತಾನಾಗಿಯೇ ಕೂಗಿಕೊಂಡಿರಬಹುದಲ್ಲ? ಇಲ್ಲ, ಇನ್ನಿಬ್ಬರೂ ಕೇಳಿದ್ದಾರೆ. ಹಕ್ಕಿ ಹಾರಿದೆ. ಸತ್ತವನು ಹಾರಿಸಿಲ್ಲ. ತಲೆಯೆಂಬುದು ಮೊಸರು ಗಡಿಗೆಯಾಯಿತು.

ದಿಂಗ್ ಮೂಗೊರೆಸಿಕೊಂಡು ಇನ್ನೊಂದು ಮಾತು ಸೇರಿಸಿದಳು. ದೂರು ಹೇಳುವ ಅವಕಾಶ ಸಿಕ್ಕರೆ ಅವಳು ಸತ್ತವರನ್ನೂ ಬಿಡುವವಳಲ್ಲ. "ಅಷ್ಟು ಕಷ್ಟಪಟ್ಟು ತಂದ ಬೆಂಕಿ ನನಗೇನೂ ದಕ್ಕಲಿಲ್ಲ ಬಿಡಿ. ನನ್ನ ಬಿಲ್ಲೆ ಮೇಲಿಟ್ರೆ ತೂತಿಗೆ ತೂತು ಕೂರಲೇ ಇಲ್ಲ. ಉರಿ ಮೇಲಕ್ಕೆ ಏಳಲಿಲ್ಲ. ಅರ್ಧಕ್ಕೇ ಸತ್ತೋಯ್ತು. ಎತ್ತಿ ಆ ಹಂಡೆ ಹಿಂದಕ್ಕೆ ಬಿಸಾಕಿದೆ."

"ತೂತು ಕೂರಲಿಲ್ವಾ?" ಲುವಾನ್ ತಲೆ ಎತ್ತಿದ.

ಅವನೇ ಹೋಗಿ ಹಂಡೆಯ ಹಿಂದಿನಿಂದ ಅದನ್ನು ತೆಗೆದ. ಕೆಳಗರ್ಧ ಉರಿದು ಕಾವಿ ಬಣ್ಣಕ್ಕೆ ತಿರುಗಿತ್ತು, ಮೇಲರ್ಧ ಇನ್ನೂ ಕಪ್ಪು. ಕೋಸಿನ ರಾಶಿಯ ಮೇಲಿಟ್ಟು ಬೆರಳಿನಿಂದ ಎಣಿಸಿದ.

"ಹದಿನಾರು."

"ಹನ್ನೆರಡಿರ್ಬೇಕು, ಸರಿಯಾಗಿ ಎಣಿಸಿ," ಎಂದಳು ಸುಫೆನ್. "ಓಣಿ ಡಿಪೋದಲ್ಲಿ ಕೊಡೋದು ಹನ್ನೆರಡರದ್ದೇ."

"ಹದಿನಾರೇ ಇದೆಯಮ್ಮ. ಅಜ್ಜನ ರಾಶೀಲೂ ಹನ್ನೆರಡರದ್ದೇ ಇದ್ದಿದ್ದು, ನಾನೇ ಪಟ್ಟಿ ಮಾಡಿದ್ದೀನಿ." ಲುವಾನ್ ನಿಧಾನವಾಗಿ ಮಾತಾಡತೊಡಗಿದ. "ಹಾಗಾದ್ರೆ ದಿಂಗಮ್ಮನಿಗಿಂತ ಮುಂಚೆ, ಅದೇ ಬೆಳಿಗ್ಗೆ, ಇನ್ಯಾರೋ ಬೆಂಕಿ ಬದಲಾಯಿಸಿದ್ದಾರೆ. ಹನ್ನೆರಡಕ್ಕೆ ಇದು ಕೆಂಪಗಿತ್ತು ಅಂದ್ರೆ ಒಂಬತ್ತು, ಹತ್ತಕ್ಕೆ ಇಟ್ಟಿರ್ಬೇಕು. ಅಜ್ಜನ್ನ ಕಡೇದಾಗಿ ನೋಡಿದವರು ಅವರೇ. ಯಾರ ಮನೇಲಿದೆ ಹದಿನಾರರದ್ದು?"

ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು.

ನನ್ನ ಗಂಡ, ನಮ್ಮ ಮುದುಕ, ಸಾರ್ವಜನಿಕ ಸ್ನಾನದ ಮನೆಯೊಂದರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತ ನಿವೃತ್ತನಾದವನು. ಪ್ರತಿ ಚಳಿಗಾಲ ಅಲ್ಲಿಂದ ನಮಗೆ ಬಿಲ್ಲೆ ಬರುತ್ತದೆ. ಒಳ್ಳೆಯ ಮಾಲು, ಹದಿನಾರು ತೂತಿನದು. ಓಣಿಯವರ ಕಣ್ಣು ಬೀಳುವುದು ಬೇಡವೆಂದು ಅಡಿಗೆಮನೆಯ ಹಿಂದಿನ ಚಾಚು ಸೂರಿನ ಕೆಳಗೆ ಗೋಣಿ ಮುಚ್ಚಿ ಇಡುತ್ತೇವೆ. ಸಮಿತಿಯವಳ ಮನೆಗೆ ಬೇರೆ ಕಲ್ಲಿದ್ದಲು ಬರುತ್ತಂತೆ ಎಂದು ಯಾರೂ ಆಡಿಕೊಳ್ಳಬಾರದಲ್ಲ!

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಪಾಡು. ಏಳು ದಿನ ಲುವಾನನ ಮುಂದೆ ಮುಂದೆ ನಡೆದು ಬಾಗಿಲು ಬಾಗಿಲು ತಟ್ಟಿದವಳು ನಾನು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅರ್ಧ ಸುಟ್ಟ ಬಿಲ್ಲೆ, ಯಾರದೋ ಏನೋ. ನಾಲ್ಕೂ ಮುಕ್ಕಾಲಾಗುತ್ತ ಬಂದಿತ್ತು. ಲುವಾನ್ ಚೀಲದಿಂದ ಶುದ್ಧಪ್ರತಿ ತೆಗೆದ. "ದೊಡ್ಡಮ್ಮ, ಯಾರದ್ದು ಅಂತ ಗೊತ್ತಾಗದೆ ಇದೊಂದ್ರಿಂದ ಕಾಗದ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ. ಮೇಲಿನವರು ಕಾಯ್ತಿದ್ದಾರೆ," ಎಂದು ಪೆನ್ನನ್ನೂ ನೀಡಿದ. ಅವನ ಮುಖ ಸಣ್ಣಗಾಗಿತ್ತು.

ಸುಫೆನ್ ನನ್ನನ್ನೇ ನೋಡಿದಳು. ಅಳು ನಿಲ್ಲಿಸಿದ್ದಳು. ಅದು ಅಳುವುದಕ್ಕಿಂತ ಕಷ್ಟವಾಯಿತು ನನಗೆ.

"ನಮ್ಮ ಮನೆ," ಎಂದೆ.

"ಏನಂದ್ರಿ?"

"ಹದಿನಾರು ತೂತಿನ ಬಿಲ್ಲೆ ನಮ್ಮ ಮನೇಲಿದೆ ಕಣಪ್ಪ. ವಠಾರದಲ್ಲಿ ಇನ್ಯಾರ ಮನೇಲೂ ಇಲ್ಲ. ಬಾ, ತೋರಿಸ್ತೀನಿ."

ದಿಂಗ್ ಕೈಯಿಂದ ಕೋಸು ಜಾರಿ ನೆಲಕ್ಕೆ ಬಿತ್ತು.

ನಾವೆಲ್ಲ ಮುಂದಿನ ಅಂಗಳಕ್ಕೆ ಬಂದಾಗ ನಮ್ಮ ಮುದುಕ ಹೊಸಿಲ ಬಳಿ ಬೋಗುಣಿಯಲ್ಲಿ ಕೈ ತೊಳೆಯುತ್ತಿದ್ದ. ನೀರು ಇದ್ದಿಲು ಕಲಸಿದ ಹಾಗೆ ಕಪ್ಪಗಿತ್ತು. ನಮ್ಮನ್ನು ನೋಡಿ ನಕ್ಕ. "ಓಹೋ, ದಂಡೇ ಬಂದಿದೆ. ಊಟ ಆಯ್ತಾ ಲುವಾನ್?"

ನಾನು ಸೀದಾ ಅಡಿಗೆಮನೆಯ ಹಿಂದಕ್ಕೆ ನುಗ್ಗಿ ಗೋಣಿ ಎಳೆದೆ.

ಬಿಲ್ಲೆಗಳನ್ನು ಗೋಡೆಗೆ ಒತ್ತಾಗಿ ಜೋಡಿಸಿತ್ತು. ಹೊಸವು. ಲುವಾನ್ ಬಗ್ಗಿ ಮೇಲಿನದನ್ನು ಎತ್ತಿ ಎಣಿಸಿದ. ಇನ್ನೊಂದನ್ನು ಎತ್ತಿದ.

"ದೊಡ್ಡಮ್ಮ, ಇದು ಹನ್ನೆರಡು."

ನಾನೂ ಎಣಿಸಿದೆ. ಮೂರು ಸಾಲು, ಸಾಲಿಗೆ ನಾಲ್ಕು. ಮತ್ತೆ ಎಣಿಸಿದೆ. ಬೆಳಿಗ್ಗೆ ಆರಕ್ಕೆ ಇಲ್ಲಿಂದಲೇ ಎತ್ತಿ ಒಲೆಗೆ ಹಾಕಿದ್ದೆ. ನನ್ನ ಕಣ್ಣಿಗೇನಾಗಿದೆ? ಒಂದು ವಾರದಿಂದ ಕಿವಿ ಹೋಗಿದೆ, ಇವತ್ತು ಕಣ್ಣೂ ಹೋಯಿತೇ?

"ಹದಿನಾರರದ್ದು ಹೊಗೆ ಜಾಸ್ತಿ ಅಂತ ನೀನೇ ಅಂದ್ಯಲ್ಲ," ಎಂದ ನಮ್ಮ ಮುದುಕ ಬಾಗಿಲಲ್ಲಿ ನಿಂತು, ಕೈ ಒರೆಸಿಕೊಳ್ಳುತ್ತ. "ಡಿಪೋಗೆ ಹೋಗಿ ಬದಲಾಯಿಸ್ಕೊಂಡು ಬಂದೆ."

ನಾನು ಹಾಗೆ ಅಂದಿರಲಿಲ್ಲ. ನನ್ನಾಣೆ, ಅಂದಿರಲಿಲ್ಲ.

ಅವನ ಬೆರಳುಗಳನ್ನು ನೋಡಿದೆ. ಒಂದು ಕಾಲಕ್ಕೆ ಅವನೂ ಗುವಾನ್ ಅಜ್ಜನೂ ಒಂದೇ ಗೂಡಿನ ಹಕ್ಕಿ ಹಾರಿಸಿದವರು. ಹುಡುಗರ ದಂಡು ಮನೆಮನೆಗೆ ನುಗ್ಗಿ ಹಳೆಯದನ್ನೆಲ್ಲ ಸುಟ್ಟ ಆ ಗಲಾಟೆಯ ವರ್ಷ ಗೂಡಿಗೆ ಬೆಂಕಿ ಬಿತ್ತು. ಯಾರು ಹೋಗಿ ಚಾಡಿ ಹೇಳಿದರೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಅಲ್ಲಿಂದೀಚೆಗೆ ಎದುರೆದುರು ಸಿಕ್ಕರೂ ಮಾತಿಲ್ಲ. ಪಾರಿವಾಳದ ಬಾಲಕ್ಕೆ ಸೀಟಿ ಸಿಕ್ಕಿಸಲು ಬಲ್ಲ ಇನ್ನೊಂದು ಜೊತೆ ಕೈ ನನ್ನ ಮನೆಯಲ್ಲೇ ಇತ್ತು, ನನಗೆ ಹೊಳೆದೇ ಇರಲಿಲ್ಲ.

ಲುವಾನ್ ಏನೋ ಹೇಳಲು ಬಾಯಿ ತೆರೆದ. ನಾನು ಅವನನ್ನು ತಳ್ಳಿಕೊಂಡೇ ಒಲೆಯ ಹತ್ತಿರ ಹೋದೆ. ಮುಚ್ಚಳ ಸರಿಸಿ, ಎರಡು ಕಬ್ಬಿಣದ ಕಡ್ಡಿ ತೂತಿಗೆ ಸಿಕ್ಕಿಸಿ, ಬೆಳಿಗ್ಗೆ ನಾನೇ ಹಾಕಿ ಉರಿ ತಗ್ಗಿಸಿಟ್ಟಿದ್ದ ಬಿಲ್ಲೆಯನ್ನು ಮೇಲೆತ್ತಿದೆ. ಕೆಂಪಗೆ ಉರಿಯುತ್ತಿತ್ತು. ಕಿಡಿ ಉದುರಿತು.

"ಎಣಿಸು ಲುವಾನ್! ಇದನ್ನೆಣಿಸು! ಇದನ್ನ ಬದಲಾಯಿಸೋಕೆ ಮರೆತಿದ್ದಾನೆ."

ಅವನು ಎಣಿಸಬೇಕಾಗಿರಲಿಲ್ಲ. ಒಂದೊಂದು ತೂತಿನಲ್ಲೂ ಬೆಂಕಿ ಕಾಣುತ್ತಿತ್ತು. ನಾಲ್ಕು ಸಾಲು, ಸಾಲಿಗೆ ನಾಲ್ಕು.

ಲುವಾನ್ ಶುದ್ಧಪ್ರತಿಯನ್ನು ಮಡಿಸಿ ಚೀಲದೊಳಗಿಟ್ಟ. ಸುಫೆನ್ ಕಡೆ ತಿರುಗಿದ. "ಓಣಿ ಬಾಯಿಯ ಅಂಗಡಿಗೆ ಓಡಿ, ಠಾಣೆಗೆ ಫೋನ್ ಮಾಡಿಸಿ. ಇವತ್ತು ಪಾಂಗ್ ಕಾಗದ ಹೋಗಲ್ಲ ಅಂತ ನಾನು ಹೇಳಿದೆ ಅನ್ನಿ."

ಅವಳು ಮಂಜುಗಡ್ಡೆಯ ಮೇಲೆ ಒಮ್ಮೆ ಜಾರಿ, ಎದ್ದು, ಓಡಿದಳು. ಅವಳ ಹೆಜ್ಜೆ ಸದ್ದು ಓಣಿಯಲ್ಲಿ ಅಡಗಿತು. ನನ್ನೆದೆ ಒಂದು ಕಡೆ ಹಗುರಾಗಿತ್ತು, ಇನ್ನೊಂದು ಕಡೆ ಕಲ್ಲಾಗಿತ್ತು.

"ಅದನ್ನ ಒಳಗಿಡು, ಕೈ ಸುಟ್ಕೋತೀಯ," ಎಂದ ನಮ್ಮ ಮುದುಕ. ದನಿಯಲ್ಲಿ ಕೋಪವಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅವನು ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. "ನಿನಗೆ ನಿಜವಾಗ್ಲೂ ನೆನಪಿಲ್ವೇನೇ?"

"ಏನು?"

"ಮಂಗಳವಾರ ಬೆಳಿಗ್ಗೆ ನಮ್ಮ ಒಲೆ ಆರಿತ್ತು. ಹತ್ತು ಗಂಟೆ ಹೊತ್ತಿಗೆ ಗುವಾನ್ ಮನೆಗೆ ಬೆಂಕಿ ಬದಲಾಯಿಸೋಕೆ ಹೋದವಳು ನೀನೇ ಕಣೇ. ಇಕ್ಕಳ ಕಾಣ್ತಿಲ್ಲ ಅಂತ ಇವತ್ತು ಬೆಳಿಗ್ಗೆ ಗೊಣಗಿದೆಯಲ್ಲ, ಆಗ್ಲೇ ನನಗೆ ಹೊಳೀತು ಎಲ್ಲಿ ಬಿಟ್ಟಿರ್ತೀಯ ಅಂತ. ಅಲ್ಲಿ ನೀನಿಟ್ಟು ಬಂದ ಹದಿನಾರರ ಬಿಲ್ಲೆ ಸಿಕ್ಕಿದ್ರೆ ಕಷ್ಟ, ಅದಕ್ಕೇ ಇಲ್ಲಿರೋದನ್ನೆಲ್ಲ ಬದಲಾಯಿಸಿದೆ. ನಿನ್ನ ಹೆಸರು ಬರಬಾರದು ಅಂತ."

"ಸುಳ್ಳು!" ಎಂದು ಕೂಗಿದೆ.

ಕೂಗಿದವಳಿಗೆ ಆ ವಾರದ ಒಂದು ದಿನ ನೆನಪಾಯಿತು. ಎಷ್ಟು ಹೊತ್ತಾದರೂ ಗಂಜಿ ಬೇಯದ ದಿನ. ಒಲೆಯಲ್ಲಿ ತೂತಿಗೆ ತೂತು ಕೂರದೆ ಉರಿ ಏಳದ ದಿನ. ನಮ್ಮ ಒಲೆಗೆ ಹನ್ನೆರಡರ ಬಿಲ್ಲೆ ಬಂದ ದಿನ. ಅದನ್ನು ತಂದವರು ಯಾರು? ಅವನೇ ತಂದು ಹಾಕಿದ್ದನೇ, ನಾನೇ ತಂದಿದ್ದೆನೇ? ಸೋಮವಾರವೋ, ಮಂಗಳವಾರವೋ? ನೆನೆದರೆ ಕಣ್ಣ ಮುಂದೆ ಬರುವುದು ಒಂದು ಕೈ, ಒಂದು ಕೆಂಡ, ಒಂದು ಹೊಸಿಲು. ಅಂಥ ಬೆಳಿಗ್ಗೆಗಳು ಸಾವಿರ ಆಗಿಹೋಗಿವೆ. ಯಾವುದು ಯಾವುದೆಂದು ಹೇಗೆ ಹೇಳಲಿ? ದಿಂಗ್ ಮರೆತಂತೆ ನಾನೂ ಮರೆತಿರಬಾರದೇಕೆ?

"ದೊಡ್ಡಮ್ಮ," ಎಂದ ಲುವಾನ್, ಚೀಲದಿಂದ ಇನ್ನೊಂದು ಹಾಳೆ ತೆಗೆದು ನೋಡುತ್ತ. "ಅಜ್ಜನ ಒಲೆ ಹಿಂದೆ ಎರಡು ಇಕ್ಕಳ ಸಿಕ್ಕಿದ್ವು. ಎರಡೂ ಅವನದ್ದೇ ಅಂತ ಬರ್ಕೊಂಡಿದ್ದೆ. ನಿಮ್ಮದರ ಹಿಡಿಗೆ ಏನಾದ್ರೂ ಸುತ್ತಿದ್ರಾ?"

ದಿಂಗ್ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಾನು ಹೇಳದಿದ್ದರೆ ಅವಳು ಹೇಳುತ್ತಿದ್ದಳು.

"ಕೆಂಪು ತೋಳುಪಟ್ಟಿ," ಎಂದೆ.

ಲುವಾನ್ ಹಾಳೆಯಿಂದ ಕಣ್ಣೆತ್ತಿ ನನ್ನ ತೋಳಿನ ಪಟ್ಟಿಯನ್ನು ನೋಡಿದ. ಆಮೇಲೆ ನಮ್ಮ ಮುದುಕನನ್ನು ನೋಡಿದ. "ಇಕ್ಕಳವನ್ನ ನಿಮ್ಮಿಬ್ಬರಲ್ಲಿ ಯಾರು ಬೇಕಾದ್ರೂ ತಗೊಂಡು ಹೋಗಿರಬಹುದು. ಒಬ್ಬರು ಸುಳ್ಳು ಹೇಳ್ತಿದ್ದೀರಿ. ಯಾರು ಅಂತ ನೀವೇ ಹೇಳಿಬಿಡಿ, ದೊಡ್ಡಮ್ಮ."

ಹೇಳಬಹುದಿತ್ತು. ಕಡ್ಡಿಗಳ ತುದಿಯಲ್ಲಿ ಹದಿನಾರು ಕಣ್ಣಿನ ಕೆಂಡ ಇನ್ನೂ ಉರಿಯುತ್ತಿತ್ತು, ಬಾಗಿಲಲ್ಲಿ ನಿಂತಿದ್ದ ನಮ್ಮ ಮುದುಕ ನನ್ನ ಬಾಯನ್ನೇ ನೋಡುತ್ತಿದ್ದ. ಆದರೆ ಸುಳ್ಳು ಹೇಳುತ್ತಿರುವುದು ಅವನೋ ನಾನೋ ಎಂದು ನನಗೇ ಗೊತ್ತಿರಲಿಲ್ಲ.